ಕಾಲಿಗೆ ಮೊದಲು ಕಿವಿ

ಕಳೆದ ಶನಿವಾರ ನಮ್ಮ ಬಳಗದ ಸಭೆಯಲ್ಲಿ ಗ್ಯಾದರಿಂಗಿನ ವಿಷಯ ಬಂತು. ಪ್ರತಿವರ್ಷ ಅದೇ ಕೋಲಾಟ, ಅದೇ ಡೊಳ್ಳು, ಈ ಸಲ ಬೇರೆ ಏನಾದರೂ ಮಾಡೋಣ, ಟ್ಯಾಪ್ ಡಾನ್ಸ್ ಮಾಡೋಣ ಎಂದು ಯಾರೋ ಅಂದರು. ಎರಡು ವರ್ಷದಿಂದ ಭಾನುವಾರ ಭಾನುವಾರ ಟ್ಯಾಪ್ ಕ್ಲಾಸಿಗೆ ಹೋಗುತ್ತಿರುವ ಪ್ರಾಣಿ ನಾನೊಬ್ಬನೇ ಆದ್ದರಿಂದ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೂಂ ಅಂದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಇನ್ನೊಬ್ಬ ಮಿತ್ರರು ಎದ್ದು, "ನಮ್ಮ ಸ್ಟೇಜು ಸಿಮೆಂಟಿನದು. ಕಾಲಿನ ಸದ್ದು ಹಿಂದಿನ ಬೆಂಚಿಗೆ ಎಲ್ಲಿ ಕೇಳಬೇಕು? ಸದ್ದನ್ನು ಮೊದಲೇ ರೆಕಾರ್ಡು ಮಾಡಿಟ್ಟು ಸ್ಪೀಕರಿನಲ್ಲಿ ಬಿಡೋಣ. ನಾವು ಮೇಲೆ ಕಾಲು ಆಡಿಸಿದರಾಯಿತು. ಎರಡೇ ತಿಂಗಳಲ್ಲಿ ಐಟಂ ರೆಡಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಚಹಾ ಬಂತು. ಠರಾವು ಪಾಸಾಯಿತು.

ನಾನು ಆಗ ಬಾಯಿ ಬಿಡಲಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ಸಿಟ್ಟು ಬಂತು. (ನನ್ನ ಸಿಟ್ಟು ಯಾವಾಗಲೂ ಒಂದು ಲೋಕಲ್ ತಡವಾಗಿಯೇ ಬರುತ್ತದೆ.) ಸಭೆಯಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಪಾದಕರೂ ಅಂದು ಚಪ್ಪಾಳೆ ತಟ್ಟಿದವರೇ, ಆದರೂ ಪುಟ ಕೊಟ್ಟಿದ್ದಾರೆ. ಅವರಿಗೆ ವಂದನೆ.

ಮೊದಲಿಗೆ ಒಂದು ತಪ್ಪು ತಿಳುವಳಿಕೆ. ಟ್ಯಾಪ್ ಎಂದರೆ ಕುಣಿತ, ಅದಕ್ಕೆ ಸೇರಿಸಿದ ಸದ್ದು ಒಂದು ಒಗ್ಗರಣೆ ಎಂದು ನಮ್ಮವರು ತಿಳಿದಂತಿದೆ. ಹಾಗಲ್ಲ. ಅದು ಕಾಲಲ್ಲಿ ಬಾರಿಸುವ ವಾದ್ಯ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆಯೆದ್ದಾಗ ಡೋಲು ಬಾರಿಸುತ್ತಾ ನಡೆದರು. ಮರುವರ್ಷವೇ, ಅಂದರೆ 1740ರಲ್ಲಿ, ಅಲ್ಲಿನ ಧಣಿಗಳು ಕಾನೂನು ಮಾಡಿ ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವಂತಿಲ್ಲ ಎಂದರು. ಡೋಲು ಕಸಿದುಕೊಂಡರೆ ತಾಳ ಎಲ್ಲಿಗೆ ಹೋಗುತ್ತದೆ? ಅಂಗೈಗೆ, ತೊಡೆಗೆ, ಎದೆಗೆ, ಅಂಗಾಲಿಗೆ. ಮುಂದೆ ಐರ್ಲೆಂಡಿನಿಂದ ಬಂದ ಬಡವರ ಜಿಗ್ ಕುಣಿತ, ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಕೆಲಸಗಾರರ ಮರದ ಬೂಟಿನ ಕುಣಿತ, ಇವೆಲ್ಲ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್‌ನಂಥ ಕೊಳೆಗೇರಿಗಳಲ್ಲಿ ಕರಿಯರ ತಾಳದ ಜೊತೆ ಕೂಡಿಕೊಂಡವು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಆ ಕೇರಿಗೆ ಹೋಗಿ ಒಬ್ಬ ಕರಿಯ ಹುಡುಗನ ಕಾಲು ನೋಡಿ ಬೆರಗಾಗಿ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. 'ಮಾಸ್ಟರ್ ಜೂಬಾ' ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಆ ಹುಡುಗನೆಂದು ಹೇಳುತ್ತಾರೆ. ಎಲ್ಲವನ್ನೂ ಕಳಕೊಂಡ ಜನ ಸದ್ದೊಂದನ್ನು ಉಳಿಸಿಕೊಂಡು ಕಟ್ಟಿದ ಕಲೆ ಇದು. ಇದರಲ್ಲಿ ಸದ್ದನ್ನೇ ಬಾಡಿಗೆಗೆ ತಂದರೆ ಉಳಿಯುವುದೇನು? ಬಾಯಿ ಆಡಿಸುವ ಸಂಗೀತ ಕಛೇರಿಗೆ ನೀವು ಟಿಕೆಟ್ ಕೊಂಡು ಹೋಗುತ್ತೀರಾ?

"ಸಿನಿಮಾದವರೂ ಅದನ್ನೇ ಮಾಡುತ್ತಿದ್ದರಲ್ಲ" ಎಂದು ಒಬ್ಬರು ಕೇಳಬಹುದು. ಹೌದು, ಒಪ್ಪಿದೆ. ಹಾಲಿವುಡ್ಡಿನ ಹಳೆಯ ಚಿತ್ರಗಳಲ್ಲಿ ಕಾಲಿನ ಸದ್ದನ್ನು ಬಹುಮಟ್ಟಿಗೆ ಆಮೇಲೆ ಬೇರೆಯಾಗಿ ರೆಕಾರ್ಡು ಮಾಡಿ ಕೂಡಿಸುತ್ತಿದ್ದರು. ಆದರೆ ಹಾಗೆ ಮಾಡಬೇಕೆಂದರೆ ತೆರೆಯ ಮೇಲಿನ ಪ್ರತಿಯೊಂದು ತಟ್ಟಿಗೂ ಸರಿಯಾಗಿ ಯಾರಾದರೂ ಮೈಕಿನ ಮುಂದೆ ಇನ್ನೊಮ್ಮೆ ಕುಣಿಯಬೇಕಿತ್ತು. ಅಲ್ಲಿ ಕೆಲಸ ಎರಡು ಪಟ್ಟು. ನಾವು ಮಾಡಹೊರಟಿರುವುದು ಅರ್ಧ ಕೆಲಸ. ಅದಕ್ಕೂ ಇದಕ್ಕೂ ಹೋಲಿಕೆ ಬೇಡ.

ಈಗ ಎರಡು ತಿಂಗಳ ಮಾತು. ನನ್ನ ವಾದ ಇಷ್ಟೆ: ನಾವು ಅಭ್ಯಾಸ ಮಾಡಬೇಕಾದ್ದು ವೇಗವನ್ನಲ್ಲ, ನಿಧಾನವನ್ನು. ಇದು ನನ್ನ ಸ್ವಂತ ಸಂಶೋಧನೆ ಅಲ್ಲ. ಜಾನ್ ಬಬಲ್ಸ್ ಎಂಬ ಮಹಾಶಯ (1902-1986) ಹುಡುಗನಾಗಿದ್ದಾಗ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಹೂಫರ್ಸ್ ಕ್ಲಬ್ ಎಂಬ ಒಂದು ಸಣ್ಣ ಕೋಣೆಗೆ ಹೋದ. ಲಫಾಯೆಟ್ ಥಿಯೇಟರಿನ ಪಕ್ಕದಲ್ಲಿದ್ದ ಆ ಕೋಣೆಯಲ್ಲಿ ಘಟಾನುಘಟಿಗಳು ಒಬ್ಬರ ಕಾಲನ್ನು ಒಬ್ಬರು ಪರೀಕ್ಷೆ ಮಾಡುತ್ತಿದ್ದರು. ಇವನ ಕುಣಿತ ನೋಡಿ ನಕ್ಕು ಕಳಿಸಿದರು. ಮುಖ ಸಣ್ಣದು ಮಾಡಿಕೊಂಡು ಹೊರಬಿದ್ದವನು ಊರೂರು ಸುತ್ತುತ್ತಾ ಅಭ್ಯಾಸ ಮಾಡಿ, ಮರಳಿ ಬಂದು ಅವರ ಬಾಯಿ ಮುಚ್ಚಿಸಿದ. ಅವನು ಕಂಡುಕೊಂಡ ಗುಟ್ಟೇನು ಗೊತ್ತೇ? ಹಾಡಿನ ಲಯವನ್ನು ಅರ್ಧಕ್ಕೆ ಇಳಿಸಿದ. ಅಲ್ಲಿಯವರೆಗೆ ಎಲ್ಲರೂ ಅಂಗಾಲಿನ ಮುಂಭಾಗದ ಮೇಲೆ ಚುರುಕಾಗಿ ಕುಣಿಯುತ್ತಿದ್ದರು. ಬಬಲ್ಸ್ ಲಯ ನಿಧಾನ ಮಾಡಿದ್ದರಿಂದ ಎರಡು ಮಾತ್ರೆಗಳ ನಡುವೆ ಜಾಗ ಹುಟ್ಟಿತು, ಆ ಜಾಗದಲ್ಲಿ ಹಿಮ್ಮಡಿಯನ್ನು ಇಳಿಸಿ ಹೊಸ ಹೊಸ ಪೆಟ್ಟುಗಳನ್ನು ತುಂಬಿದ. ಇಂದು ನಾವು ರಿದಂ ಟ್ಯಾಪ್ ಎನ್ನುವುದು ಬೆಳೆದದ್ದು ಅಲ್ಲಿಂದ. ಆ ಕಾಲಕ್ಕೆ ಅಂಗಾಲಿನ ಮುಂಭಾಗದ ಕುಣಿತಕ್ಕೆ ದೊರೆ ಎಂದರೆ ಬಿಲ್ ರಾಬಿನ್ಸನ್ (1878-1949), ಮರದ ಅಟ್ಟೆಯ ಬೂಟು ಹಾಕಿ ಮೆಟ್ಟಿಲು ಹತ್ತಿಳಿದು ಕುಣಿಯುತ್ತಿದ್ದವನು. ಅವನ ಹುಟ್ಟುಹಬ್ಬ ಮೇ 25 ಅನ್ನು ಅಮೆರಿಕದವರು 1989ರಲ್ಲಿ ಟ್ಯಾಪ್ ದಿನವೆಂದು ಕಾನೂನು ಮಾಡಿದರು. ಅವನದೂ ವೇಗವೇ, ಆದರೆ ಒಂದೊಂದು ಪೆಟ್ಟೂ ಬಿಡಿಸಿಟ್ಟ ಕಡಲೆಯಂತೆ ಬೇರೆ ಬೇರೆ ಕೇಳುತ್ತದೆ. 1935ರ 'ದಿ ಲಿಟ್ಲ್ ಕರ್ನಲ್' ಚಿತ್ರದಲ್ಲಿ ನೋಡಿ. ನೋಡುವುದಲ್ಲ, ಕೇಳಿ.

ಇನ್ನು ಅಭ್ಯಾಸದ ಮಾತು. ಮೊದಲು ಬೂಟು. ಗಟ್ಟಿ ಅಟ್ಟೆಯ ಚರ್ಮದ ಬೂಟು ಸಾಕು, ಆಕ್ಸ್‌ಫರ್ಡ್ ಮಾದರಿ. ಮುಂಭಾಗಕ್ಕೊಂದು ಹಿಮ್ಮಡಿಗೊಂದು ಅಲ್ಯೂಮಿನಿಯಂ ತಗಡು, ಸ್ಕ್ರೂ ಹಾಕಿ ಕೂಡಿಸುವುದು. ನಾನು ಸ್ಟೇಷನ್ ಹತ್ತಿರದ ಮೋಚಿಗೆ ಕೊಟ್ಟಾಗ ಅವನು ಬೂಟನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ನಮ್ಮೂರ ಕಡೆಯ ರೂಮ್‌ಮೇಟ್ ಅಂತೂ, "ಎತ್ತಿಗೆ ಲಾಳ ಹೊಡಸೂದು ಕೇಳಿದ್ದೆ, ನೀ ಹೊಡಿಸಿಕೊಂಡು ಬಂದೀಯಲ್ಲೋ" ಎಂದ. ಇರಲಿ. ಲಾಳ ಎನ್ನುವ ಶಬ್ದವೇ ಚೆನ್ನಾಗಿದೆ, ನಾನು ಅದನ್ನೇ ಬಳಸುತ್ತೇನೆ. ಆದರೆ ಗೆಳೆಯರೇ, ಮೊದಲ ಎರಡು ವಾರ ಲಾಳ ಬೇಡ. ಲಾಳ ಹಾಕಿದ ಕೂಡಲೇ ಎಂಥ ಒರಟು ಕಾಲೂ ಖಣಖಣ ಅನ್ನುತ್ತದೆ, ಮಾಡುವವನಿಗೆ ತಾನೇ ಬಬಲ್ಸ್ ಅನ್ನಿಸಿಬಿಡುತ್ತದೆ. ಬರೀ ಬೂಟಿನಲ್ಲಿ ಕೇಳುವ ಹಾಗೆ ಮಾಡಿದರೆ ಲಾಳದಲ್ಲಿ ತಾನಾಗಿ ಸ್ಪಷ್ಟವಾಗುತ್ತದೆ.

ನೆಲದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸಿಮೆಂಟು, ಕಲ್ಲಿನ ಮೇಲೆ ದಿನಾ ಬಡಿದರೆ ಮೊಣಕಾಲಿನ ಕೆಳಗಿನ ಮೂಳೆ, ಮಂಡಿ ಎರಡೂ ಹಾಳು. ಪೆಟ್ಟನ್ನು ನುಂಗುವ ಗುಣ ಸಿಮೆಂಟಿಗಿಲ್ಲ, ಅದನ್ನೆಲ್ಲ ಕಾಲೇ ನುಂಗಬೇಕು. ಮೊದಲ ವರ್ಷ ನಾನು ಹಾಸ್ಟೆಲಿನ ಗಚ್ಚಿಯ ಮೇಲೆ ಕದ್ದು ಅಭ್ಯಾಸ ಮಾಡಿ, ಮೂರು ವಾರ ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದುಕೊಂಡು ಅಜ್ಜನಂತೆ ಇಳಿದಿದ್ದೇನೆ. ಪ್ಲೈವುಡ್ ಹಾಳೆ, ಅದರ ಕೆಳಗೆ ಉದ್ದಕ್ಕೆ ಮರದ ಪಟ್ಟಿ ಹೊಡೆದರೆ ಸ್ವಲ್ಪ ಬಾಗುತ್ತದೆ, ಒಳಗೆ ಟೊಳ್ಳು ಇರುವುದರಿಂದ ಸದ್ದೂ ತುಂಬಿ ಬರುತ್ತದೆ. ಸ್ಟೇಜಿನ ಸಮಸ್ಯೆಗೂ ಇದೇ ಉತ್ತರ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪಾಠ ಶಫಲ್. ಒಂದು ಕಾಲ ಮೇಲೆ ನಿಂತು ಇನ್ನೊಂದು ಕಾಲಿನ ಮುಂಭಾಗದಿಂದ ನೆಲವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರುವುದು. ಎರಡು ಸದ್ದು. ಇಷ್ಟೇ. ಎರಡು ವರ್ಷವಾದರೂ ನನಗೆ ಎಡಗಾಲಿನ ಶಫಲ್ ಬಲಗಾಲಿನಷ್ಟು ಬಂದಿಲ್ಲ. ಹೊಸಬರು ಮಾಡುವ ತಪ್ಪು ಒಂದೇ: ಪಾದವನ್ನು ಬಿಗಿ ಹಿಡಿದು ತೊಡೆಯಿಂದ ಒದೆಯುವುದು. ಹಿಂದಿನ ಸದ್ದು ಬರುವುದೇ ಇಲ್ಲ, ಬಂದರೂ ಮುಂದಿನದಕ್ಕಿಂತ ಸಣ್ಣದಾಗಿ ಬರುತ್ತದೆ. ಪಾದ ಒದ್ದೆ ಬಟ್ಟೆಯಂತೆ ಜೋತುಬಿದ್ದಿರಬೇಕು, ಮಂಡಿಯಿಂದ ಕೆಳಗೆ ಸಡಿಲವಾಗಿ ತೂಗಬೇಕು. ಗೋಡೆ ಹಿಡಿದು ನಿಂತು ಮಾಡಿ. ಮೊಬೈಲಿನಲ್ಲಿ ಮೆಟ್ರೊನೋಮ್ ಇಟ್ಟು ನಿಮಿಷಕ್ಕೆ 60 ಬಡಿತ, ಒಂದು ಬಡಿತಕ್ಕೆ ಒಂದು ಶಫಲ್. ಅಷ್ಟು ನಿಧಾನದಲ್ಲಿ ಎರಡು ಸದ್ದೂ ಸಮನಾಗಿ ಬರುವುದು ಎಷ್ಟು ಕಷ್ಟ ಎಂದು ಆಗ ತಿಳಿಯುತ್ತದೆ. ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನಿಧಾನದಲ್ಲಿ ಮುಚ್ಚಲು ಏನೂ ಇಲ್ಲ.

ಅದನ್ನು ರೆಕಾರ್ಡು ಮಾಡಿ (ರೆಕಾರ್ಡಿಗೆ ಇದೊಂದು ಒಳ್ಳೆಯ ಉಪಯೋಗ), ಕಣ್ಣು ಮುಚ್ಚಿ ಕೇಳಿ. ವೀಡಿಯೋ ಬೇಡ. ವೀಡಿಯೋದಲ್ಲಿ ಕಣ್ಣು ಕಿವಿಗೆ ಲಂಚ ಕೊಡುತ್ತದೆ: ಕಾಲು ಹೋಯಿತಲ್ಲ, ಸದ್ದು ಬಂದೇ ಬಂದಿರಬೇಕು ಎಂದು ನಂಬಿಸುತ್ತದೆ. ಬರೀ ಸದ್ದು ಕೇಳಿದರೆ ಗೊತ್ತಾಗುತ್ತದೆ, ಎಂಟರಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ ಎಂದು.

ಎರಡನೆಯದು ಭಾರ. ಟ್ಯಾಪಿನಲ್ಲಿ ಒಂದೊಂದು ಪೆಟ್ಟಿಗೂ ಒಂದು ಪ್ರಶ್ನೆ ಇದೆ: ಈಗ ಮೈಭಾರ ಯಾವ ಕಾಲಿನ ಮೇಲೆ? ಫ್ಲ್ಯಾಪ್ ಎಂದರೆ ಮುಂದಕ್ಕೆ ಸವರಿ ಆ ಕಾಲಿನ ಮೇಲೇ ಇಳಿಯುವುದು. ಅದೂ ಎರಡೇ ಸದ್ದು, ಶಫಲಿಗೂ ಅದಕ್ಕೂ ಕಿವಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಫ್ಲ್ಯಾಪಿನ ಕೊನೆಗೆ ಭಾರ ದಾಟಿರುತ್ತದೆ, ಶಫಲಿನಲ್ಲಿ ದಾಟಿರುವುದಿಲ್ಲ. ಇದನ್ನು ಪರೀಕ್ಷಿಸಲು ಸುಲಭ ಉಪಾಯ: ನಡುನಡುವೆ ಯಾರಾದರೂ "ನಿಲ್ಲು!" ಎನ್ನಬೇಕು. ನಿಂತಲ್ಲೇ ಖಾಲಿ ಕಾಲನ್ನು ಎತ್ತಿ. ಎತ್ತಲು ಬಂದರೆ ಸರಿ, ತೂರಾಡಿದರೆ ಭಾರ ಎರಡರ ನಡುವೆ ಎಲ್ಲೋ ಅಲೆಯುತ್ತಿದೆ ಎಂದರ್ಥ. ಎಲೀನರ್ ಪೊವೆಲ್ ಎಂಬಾಕೆ (1912-1982) ಬ್ಯಾಲೆ ಕಲಿತು ಬಂದವಳು, ಮೈಯೆಲ್ಲ ಮೇಲಕ್ಕೇ ಏಳುತ್ತಿತ್ತು. ಅವಳ ಗುರು ಜ್ಯಾಕ್ ಡೊನಹ್ಯೂ ಸೈನ್ಯದವರ ಬೆಲ್ಟು ತಂದು ಎರಡೂ ಬದಿಗೆ ಮರಳು ಚೀಲ ಕಟ್ಟಿ ಸೊಂಟಕ್ಕೆ ಬಿಗಿದನಂತೆ. ಅವಳು ಹೋದದ್ದು ಹತ್ತೇ ಪಾಠಕ್ಕೆ, ಆದರೆ ಕಾಲು ನೆಲ ಕಚ್ಚಿತು. ಮರಳು ಚೀಲ ಕಟ್ಟಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಂಡಿ ಸ್ವಲ್ಪ ಬಾಗಿರಲಿ, ತಲೆ ಮೇಲೆ ಕೆಳಗೆ ಕುಪ್ಪಳಿಸದಿರಲಿ, ಅಷ್ಟು ಸಾಕು.

ಮೂರನೆಯದು ನಮ್ಮವರಿಗೆ ವರದಾನ. ನಮ್ಮ ಬಳಗದಲ್ಲಿ ಭರತನಾಟ್ಯ ಕಲಿತವರು ನಾಲ್ವರು, ಮೃದಂಗ ಕಲಿತವನೊಬ್ಬ, ಯಕ್ಷಗಾನದ ಹೆಜ್ಜೆ ಹಾಕಿ ಬೆಳೆದ ದಕ್ಷಿಣ ಕನ್ನಡದವರು ಎಷ್ಟೋ ಜನ ಇದ್ದಾರೆ. ಟ್ಯಾಪಿನ ಕ್ಲಾಸಿನಲ್ಲಿ ಬೇರೆಯವರು ಒನ್ ಆ್ಯಂಡ್ ಟೂ ಎಂದು ಒದ್ದಾಡುವಾಗ ನನಗೆ ಹೊಳೆದದ್ದು ಇದು. ಶಫಲ್ ಮಾಡಿ ಅದೇ ಕಾಲನ್ನು ಊರಿದರೆ ಮೂರು ಸದ್ದು: ತಕಿಟ. ಫ್ಲ್ಯಾಪ್ ಎರಡು ಸದ್ದು: ತಕ. ಪ್ಯಾರಡಿಡಲ್ ಎಂದರೆ ಹಿಮ್ಮಡಿಯ ಅಂಚು ಊರಿ, ಪಾದವನ್ನು ಹಿಂದಕ್ಕೆ ಸವರಿ, ಮುಂಭಾಗ ಇಟ್ಟು, ಹಿಮ್ಮಡಿ ಇಳಿಸುವುದು. ನಾಲ್ಕು ಸದ್ದು: ತಕಧಿಮಿ. (ಪ್ಯಾರಡಿಡಲ್ ಎಂಬ ಹೆಸರು ಡ್ರಮ್ಮಿನವರಿಂದಲೇ ಬಂದದ್ದು.) ಈಗ ಬಾಯಲ್ಲಿ ಹೇಳುತ್ತಾ ಕಾಲಲ್ಲಿ ಮಾಡಿ. ಬಲಗಾಲು ತಕಿಟ, ಎಡಗಾಲು ತಕಿಟ, ಬಲಗಾಲು ತಕ. ಎಂಟಾಯಿತು. ಭಾರ ಬಲಗಾಲಿನ ಮೇಲೆ ಮುಗಿದಿರುವುದರಿಂದ ಮುಂದಿನ ಎಂಟು ತಾನಾಗಿ ಎಡಗಾಲಿನಿಂದ ಶುರುವಾಗುತ್ತದೆ. ಎರಡೂ ಕಾಲಿಗೆ ಸಮಪಾಲು. ತಕ ತಕಿಟ ಎಂದು ಫ್ಲ್ಯಾಪಿಗೆ ಶಫಲ್-ಊರು ಕೂಡಿಸಿದರೆ ಐದರ ಖಂಡವಾಯಿತು.

ಇದಕ್ಕಿಂತ ಕಷ್ಟದ್ದು ಇದರ ಮುಂದಿನ ಮೆಟ್ಟಿಲು. ಅದೇ 60ರ ಬಡಿತದಲ್ಲಿ ನಾಲ್ಕು ಬಡಿತ ತಕಿಟ, ನಾಲ್ಕು ಬಡಿತ ತಕಧಿಮಿ. ಬಡಿತ ಅಲ್ಲಾಡಬಾರದು, ಒಳಗಿನ ಎಣಿಕೆ ಮಾತ್ರ ಮೂರರಿಂದ ನಾಲ್ಕಕ್ಕೆ ಹೋಗಿ ಮರಳಬೇಕು. ತಕಿಟದಿಂದ ತಕಧಿಮಿಗೆ ಹೋಗುವಾಗ ಎಲ್ಲರೂ ಓಡುತ್ತಾರೆ. ತಕಧಿಮಿಯಿಂದ ತಕಿಟಕ್ಕೆ ಇಳಿಯುವಾಗ ಎಲ್ಲರೂ ಮಲಗುತ್ತಾರೆ. ಭರತನಾಟ್ಯದವರು ತಟ್ಟಡವನ್ನು ಮೂರು ಕಾಲದಲ್ಲಿ ಮಾಡಿ ಮಾಡಿ ಬೇಸತ್ತದ್ದು ಇಂಥದ್ದಕ್ಕೇ, ಕಥಕ್‌ನವರು ತತ್ಕಾರವನ್ನು ಹದಿನಾರು ಮಾತ್ರೆಯಲ್ಲಿ ಠಾಯದಿಂದ ದುಪ್ಪಟ್ಟು, ನಾಲ್ಕು ಪಟ್ಟಿಗೆ ಏರಿಸುವುದೂ ಇದಕ್ಕೇ. ಕಥಕ್‌ನ ಪಂಡಿತ ಚಿತ್ರೇಶ ದಾಸರೂ (1944-2015) ಅಮೆರಿಕದ ಟ್ಯಾಪ್ ಕಲಾವಿದ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ತೂ 2004ರಲ್ಲಿ ಒಂದು ಉತ್ಸವದಲ್ಲಿ ಭೇಟಿಯಾಗಿ, ಆಮೇಲೆ 'ಇಂಡಿಯಾ ಜಾಜ್ ಸ್ವೀಟ್ಸ್' ಎಂದು ಜೊತೆಯಾಗಿ ಕಾರ್ಯಕ್ರಮ ಕೊಟ್ಟರು. ಅರವತ್ತು ವರ್ಷದ ಗೆಜ್ಜೆಗಾಲಿಗೂ ಇಪ್ಪತ್ತರ ಹರೆಯದ ಲಾಳದ ಕಾಲಿಗೂ ಸವಾಲು ಜವಾಬು. ಒಬ್ಬರ ಭಾಷೆ ಇನ್ನೊಬ್ಬರಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅವರು ರೆಕಾರ್ಡು ಬಿಟ್ಟು ಕುಣಿದಿದ್ದರೆ ಸವಾಲು ಯಾರಿಗೆ, ಜವಾಬು ಯಾರದು?

ಟೈಮ್ ಸ್ಟೆಪ್ಪಿನ ಬಗ್ಗೆ ಒಂದೇ ಮಾತು. ಕಲಾವಿದ ರಂಗಕ್ಕೆ ಬಂದು ತನಗೆ ಬೇಕಾದ ಲಯವನ್ನು ವಾದ್ಯದವರಿಗೆ ಕಾಲಿನಲ್ಲೇ ತಿಳಿಸುತ್ತಿದ್ದುದರಿಂದ ಆ ಹೆಸರು ಬಂತೆನ್ನುತ್ತಾರೆ. ಅಂದರೆ ಲಯದ ಯಜಮಾನ ಕಾಲು. ಸ್ಪೀಕರ್ ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಉಡುಪಿ ಕಡೆಯ ಮಿತ್ರ ಕೇಳುವ ಪ್ರಶ್ನೆ ನನಗೆ ಗೊತ್ತು: "ಅದೆಲ್ಲ ಸರಿ ಮಾರಾಯ, ಎರಡು ತಿಂಗಳಲ್ಲಿ ಆಗ್ತದಾ?" ನಿಕೊಲಸ್ ಸಹೋದರರು 1943ರ 'ಸ್ಟಾರ್ಮಿ ವೆದರ್' ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಿಗೆ ಒಬ್ಬರ ತಲೆಯ ಮೇಲೆ ಒಬ್ಬರು ಹಾರಿ ಕಾಲು ಚಾಚಿ ಬೀಳುತ್ತಾರಲ್ಲ, ಗ್ರೂಪಿನಲ್ಲಿ ಅದರ ವೀಡಿಯೋ ಕಳಿಸಿ "ಇದನ್ನು ಮಾಡೋಣ" ಎಂದು ಬರೆದವರೂ ಇದ್ದಾರೆ. ಆಗುವುದಿಲ್ಲ ಸ್ವಾಮಿ. ಎರಡು ತಿಂಗಳಲ್ಲಿ ಅಲ್ಲ, ಈ ಜನ್ಮದಲ್ಲಿ ಆಗುವುದಿಲ್ಲ. ಅವರು ಡಾನ್ಸ್ ಸ್ಕೂಲಿಗೆ ಹೋದವರಲ್ಲ ನಿಜ, ಆದರೆ ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದ ತಂದೆ ತಾಯಿಯ ಜೊತೆ ಹೋಗಿ ಕೂತು, ದಿನಾ ಒಳ್ಳೊಳ್ಳೆಯವರ ಕಾಲು ನೋಡಿ, ಕೇಳಿ ಬೆಳೆದವರು.

ಆಗುವುದು ಬೇರೆ ಇದೆ: ಶಿಮ್ ಶ್ಯಾಮ್. 1920ರ ದಶಕದ ಕೊನೆಗೆ ಲೆನರ್ಡ್ ರೀಡ್, ವಿಲ್ಲಿ ಬ್ರಯಂಟ್ ಎಂಬಿಬ್ಬರು ಕಟ್ಟಿದ್ದು. ಎಂಟೆಂಟು ಬಾರಿನ ನಾಲ್ಕು ಭಾಗ, ಒಟ್ಟು 32 ಬಾರು. ಆಟ ಮುಗಿಯುವಾಗ ರಂಗದ ಮೇಲಿದ್ದವರೆಲ್ಲ, ಹಾಡುವವರು ಸಹ, ಸೇರಿ ಹಾಕುತ್ತಿದ್ದ ಹೆಜ್ಜೆ ಅದು. ನಿಮಿಷಕ್ಕೆ 120 ಬಡಿತದಲ್ಲಿ ಒಂದು ಸುತ್ತಿಗೆ ಒಂದು ನಿಮಿಷ ನಾಲ್ಕು ಸೆಕೆಂಡು. ಎರಡು ಸುತ್ತು ಹಾಕಿದರೆ ಎರಡು ನಿಮಿಷದ ಐಟಂ. ಮೊದಲ ಸುತ್ತು ಹಾಡಿನ ಜೊತೆ, ಎರಡನೆಯದು ಹಾಡು ನಿಲ್ಲಿಸಿ ಬರೀ ಕಾಲು. ಎಂಟು ಜನರ ಹದಿನಾರು ಕಾಲು ಒಂದೇ ಸದ್ದಾಗಿ ಬಂದರೆ ಅದಕ್ಕಿಂತ ಹಾರಾಟ ಬೇಕೇ? ಬಾರದಿದ್ದರೆ ಎಲ್ಲರಿಗೂ ಕೇಳುತ್ತದೆ, ನಿಜ. ಆ ಭಯ ಇದ್ದರೇ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಬರುತ್ತೀರಿ. ರೆಕಾರ್ಡು ಇದ್ದರೆ ಏಳುವುದಿಲ್ಲ, ನನಗೆ ನಿಮ್ಮನ್ನೂ ಗೊತ್ತು, ನನ್ನನ್ನೂ ಗೊತ್ತು.

ಅಭ್ಯಾಸದಲ್ಲಿ ಒಂದು ಆಟ ಸೇರಿಸಬೇಕೆಂದಿದ್ದೇನೆ. ಬೆನ್ನು ಒಳಗೆ ಮಾಡಿ ವೃತ್ತವಾಗಿ ನಿಲ್ಲುವುದು. ಒಬ್ಬರು ಎಂಟು ಮಾತ್ರೆ ಏನಾದರೂ ತಟ್ಟುವುದು, ಮುಂದಿನವರು ನೋಡದೆ, ಕೇಳಿದ್ದನ್ನೇ ತಟ್ಟಿ, ಮುಂದಿನ ಎಂಟಕ್ಕೆ ತಮ್ಮದೊಂದು ಸೇರಿಸುವುದು. ಹೂಫರ್ಸ್ ಕ್ಲಬ್ಬಿನಲ್ಲಿ ಇನ್ನೊಬ್ಬನ ಹೆಜ್ಜೆಯನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಬಾರದು ಎಂಬ ನಿಯಮವಿತ್ತಂತೆ. ಕದಿಯಬಹುದು, ಆದರೆ ಕದ್ದದ್ದಕ್ಕೆ ಸ್ವಂತದ್ದೇನಾದರೂ ಕೂಡಿಸಿರಬೇಕು. ನಮ್ಮ ಅಂತ್ಯಾಕ್ಷರಿಯಷ್ಟೇ ಸರಳ, ಅದಕ್ಕಿಂತ ನಗೆ ಜಾಸ್ತಿ.

ಇನ್ನು ಸ್ಟೇಜು. ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್ ನಾಲ್ಕು ಹಾಳೆ, ಕೆಳಗೆ ಪಟ್ಟಿ, ನೆಲದ ಹತ್ತಿರ ಇಟ್ಟ ಎರಡು ಮೈಕು. ಹಿಂದಿನ ಬೆಂಚಿಗಲ್ಲ, ಗೇಟಿನ ಹೊರಗಿನ ವಡಾಪಾವ್‌ನವನಿಗೂ ಕೇಳುತ್ತದೆ. ಡೊಳ್ಳಿನ ಬಾಡಿಗೆಗೆ ಪ್ರತಿವರ್ಷ ಇಡುವ ಹಣ ಈ ಸಲ ಉಳಿದಿದೆ, ಅದನ್ನು ಹಾಳೆಗೆ ಹಾಕಿ ಎಂದು ಕೋಶಾಧ್ಯಕ್ಷರಲ್ಲಿ ವಿನಂತಿ. ಆಟ ಮುಗಿದ ಮೇಲೆ ಹಾಳೆ ಬಳಗದ ಆಸ್ತಿಯೇ ತಾನೆ, ಮುಂದಿನ ವರ್ಷದ ನಾಟಕದ ಸೆಟ್ಟಿಗೆ ಆದೀತು.

ಬರುವ ಶನಿವಾರದ ಸಭೆಯಲ್ಲಿ ಠರಾವನ್ನು ಮತ್ತೆ ಚರ್ಚೆಗೆ ಎತ್ತುತ್ತೇನೆ, ಈ ಸಲ ಬಾಯಿ ಬಿಡುತ್ತೇನೆ. ಅದು ಏನೇ ಆಗಲಿ, ಮಂಗಳವಾರದಿಂದ ಬೆಳಿಗ್ಗೆ ಆರೂವರೆಗೆ ಕ್ಯಾಂಟೀನಿನ ಹಿಂದಿನ ವರಾಂಡದಲ್ಲಿ ನಾನಿರುತ್ತೇನೆ. ಅಲ್ಲಿ ಒಂದು ಹಳೆಯ ಮರದ ಕಟ್ಟೆ ಇದೆ, ನಾಲ್ಕು ಜನ ನಿಲ್ಲಬಹುದು. ಚರ್ಮದ ಬೂಟು ತನ್ನಿ. ಲಾಳ ಬೇಡ.